ಸಣ್ಣ ಟ್ರೇಲರ್ ಸಾಗಣೆ: ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್

ಸ್ವಂತ ಎಂಜಿನ್ ಇಲ್ಲದೆ, ಬೇರೊಂದು ವಾಹನದ ಹಿಂದೆ ಕೊಂಡಿಯಿಂದ ಸೇರಿಕೊಂಡು ಸಾಗುವ ಸರಕಿನ ಗಾಡಿಗೆ ಟ್ರೇಲರ್ ಎಂದು ಹೆಸರು. ಸೆಮಿಟ್ರೇಲರ್ ಮತ್ತು ಸೈಡ್‌ಕಾರ್ ಬಿಟ್ಟು, ಮೋಟಾರು ವಾಹನ ಎಳೆಯುವ ಗಾಡಿಗಳೆಲ್ಲ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರ್‌ಗಳೇ. ಯುರೋಪ್, ಅಮೆರಿಕಗಳಲ್ಲಿ ಸಣ್ಣ ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟುವ ಪೆಟ್ಟಿಗೆ. ತಮಿಳುನಾಡಿನ ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ, ಹಾಗೆಯೇ ಕರ್ನಾಟಕದ ಹಳ್ಳಿಗಳಲ್ಲಿ, ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಹಿಂದೆ ಬರುವ ಬಂಡಿಗೆ ಈ ಹೆಸರು ಸಲ್ಲುತ್ತದೆ. ಗೊಬ್ಬರ ಹೊಲಕ್ಕೆ ಹೋಗುವುದೂ ಭತ್ತ ಕಣದಿಂದ ಬರುವುದೂ ಇದರಲ್ಲೇ.

ಟ್ರ್ಯಾಕ್ಟರ್ ಓಡಿಸಲು ಬಂದವರಿಗೆಲ್ಲ ಟ್ರೇಲರ್ ಎಳೆಯಲು ಬರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆದರೆ ಎರಡೂ ಬೇರೆ ಬೇರೆ ಕೆಲಸ. ಟ್ರೇಲರ್ ಸೇರಿದ ಮೇಲೆ ಹಿಂದಿರುವ ತೂಕ ಮುಂದಿನ ವಾಹನಕ್ಕಿಂತ ಹೆಚ್ಚಾಗಬಹುದು; ಏರಿನಲ್ಲಿ ಅದು ಹಿಂದಕ್ಕೆ ಜಗ್ಗುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ನೂಕುತ್ತದೆ, ತಿರುವಿನಲ್ಲಿ ಒಳಕ್ಕೆ ಸರಿಯುತ್ತದೆ. ಅಪಘಾತದ ಬೀಜ ಹೆಚ್ಚಾಗಿ ಗಾಡಿ ಹೊರಡುವ ಮೊದಲೇ, ಪಿನ್ನು, ಹೇರು, ಬ್ರೇಕು ಈ ಮೂರರಲ್ಲಿ ಬಿದ್ದಿರುತ್ತದೆ. ಚಾಲಕನ ಕೈಚಳಕದ ಮಾತು ಅದರ ನಂತರದ್ದು.

ಪ್ರದೇಶ ಮತ್ತು ಬಳಕೆ

ಕಂಬಂ ಕಣಿವೆ ತೇನಿ ಜಿಲ್ಲೆಯ ನೈಋತ್ಯ ಭಾಗದಲ್ಲಿದೆ. ಪಶ್ಚಿಮಕ್ಕೆ ಕೇರಳದ ಗಡಿಯಾಗಿ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ ಮತ್ತು ವರುಷನಾಡಿನ ಸಾಲು. ಜಾನ್ ಪೆನ್ನಿಕ್ವಿಕ್ ಮೇಲ್ವಿಚಾರಣೆಯಲ್ಲಿ ಕಟ್ಟಿ 1895ರಲ್ಲಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟದ ಸುರಂಗದ ಮೂಲಕ ಈ ಕಣಿವೆಗೆ ಇಳಿದು ವೈಗೈ ನದಿ ಸೇರುತ್ತದೆ. ಕಣಿವೆಯ 14,707 ಎಕರೆ ಭತ್ತದ ಗದ್ದೆಗಳಿಗೆ ಎರಡು ಬೆಳೆಯ ನೀರು ಅದರಿಂದಲೇ. ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳಲ್ಲಿ ಭತ್ತದ ಜೊತೆಗೆ ಬಾಳೆ, ತೆಂಗು, ದ್ರಾಕ್ಷಿ ಬೆಳೆಯುತ್ತವೆ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ದಿಂಡಿಗಲ್ ಜಿಲ್ಲೆಯಲ್ಲಿ ಒಡ್ಡನ್‌ಚತ್ರಂನ ತರಕಾರಿ ಮಾರುಕಟ್ಟೆ ಮತ್ತು ನಿಲಕ್ಕೋಟ್ಟೈನ ಹೂವಿನ ಮಾರುಕಟ್ಟೆ ಹೆಸರಾದವು. ಮೊದಲು ತೇನಿ, ದಿಂಡಿಗಲ್ ಎರಡೂ ಮದುರೈ ಜಿಲ್ಲೆಗೆ ಸೇರಿದ್ದವು. ದಿಂಡಿಗಲ್ 1985ರಲ್ಲಿ, ತೇನಿ 1996ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು.

ಸರಕು ದೂರದ ಊರಿಗೆ ಹೋಗುವುದು ಲಾರಿಯಲ್ಲಿ. ಹೊಲದಿಂದ ಕಣಕ್ಕೆ, ತೋಟದಿಂದ ಮಂಡಿಗೆ, ಊರಿಂದ ಗದ್ದೆಗೆ ಇರುವ ಕೆಲವು ಕಿಲೋಮೀಟರುಗಳ ಓಡಾಟ ಟ್ರೇಲರ್‌ನದು. ದಾರಿ ಚಿಕ್ಕದಾದರೂ ಒಂದೇ ಬಗೆಯದಲ್ಲ. ಕಾಲುವೆ ಏರಿಯ ಮಣ್ಣಿನ ಜಾಡಿನಲ್ಲಿ ಹೊರಟ ಗಾಡಿ ಹಳ್ಳಿಯ ಓಣಿ ದಾಟಿ ದಿಂಡಿಗಲ್–ತೇನಿ–ಕುಮಳಿ ಮಾರ್ಗವಾದ 183ನೇ ರಾಷ್ಟ್ರೀಯ ಹೆದ್ದಾರಿಗೆ ಹತ್ತುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಶಬರಿಮಲೆ ಯಾತ್ರಿಗಳ ಬಸ್ಸು, ವ್ಯಾನುಗಳು ಹಗಲೂ ರಾತ್ರಿ ಇದೇ ಹೆದ್ದಾರಿಯಲ್ಲಿ ಓಡುತ್ತವೆ. ತೈಪೂಸ ಹಬ್ಬದ ಹೊತ್ತಿಗೆ ದಿಂಡಿಗಲ್‌ನಿಂದ ಪಳನಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಪಾದಯಾತ್ರಿಗಳ ಸಾಲು ರಾತ್ರಿಯೂ ಮುಗಿಯುವುದಿಲ್ಲ. ಹೊಸ ಚಾಲಕ ಕಲಿಯಬೇಕಾದದ್ದು ಇಂಥ ರಸ್ತೆಗಳಲ್ಲಿ.

ಈ ನೆಲಕ್ಕೂ ಕನ್ನಡಕ್ಕೂ ಹಳೆಯ ನಂಟು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥಮಾಲೆಯಲ್ಲಿ ಮದುರೈ, ತಿರುನೆಲ್ವೇಲಿ ಸೀಮೆಗಳಲ್ಲಿ ನೆಲೆಸಿದ ಕನ್ನಡ ಮಾತನಾಡುವ ರೈತರಾದ ಕಪ್ಪಿಲಿಯರ ಬಗ್ಗೆ ಬರೆದಿದ್ದಾನೆ. ಕಂಬಂ ಕಣಿವೆಯಲ್ಲಿ ಅವರು ದೇವರ ಹೆಸರಿನಲ್ಲಿ ಸಾಕುವ ಗೋವುಗಳ ಹಿಂಡಿನ ಪ್ರಸ್ತಾಪವೂ ಅಲ್ಲಿದೆ. ಕಂಬಂ, ಬೋಡಿನಾಯಕನೂರು ಸುತ್ತಿನ ಮನೆಗಳಲ್ಲಿ ಇಂದಿಗೂ ತಮಿಳು ಬೆರೆತ ಕನ್ನಡ ಕೇಳಿಸುತ್ತದೆ. ಮೈಸೂರಿನ ಇತಿಹಾಸದಲ್ಲಿಯೂ ದಿಂಡಿಗಲ್‌ಗೆ ಜಾಗವಿದೆ: ಹೈದರ್ ಅಲಿ 1755ರಲ್ಲಿ ಅಲ್ಲಿನ ಫೌಜುದಾರನಾಗಿ ನೇಮಕಗೊಂಡು, ಅಲ್ಲಿಂದಲೇ ತನ್ನ ಸೈನ್ಯಬಲ ಬೆಳೆಸಿಕೊಂಡ. ಮೈಸೂರು ಸೈನ್ಯದ ತೋಪಿನ ಬಂಡಿಗಳನ್ನು ಎಳೆಯುತ್ತಿದ್ದುದು ಅಮೃತಮಹಲ್ ಎತ್ತುಗಳು.

ಎತ್ತಿನ ಗಾಡಿಯಿಂದ ಟ್ರೇಲರ್‌ಗೆ

ಎರಡು ಗಾಲಿಯ ಟ್ರೇಲರ್‌ನ ಮೂಲಪಾಠ ಎತ್ತಿನ ಗಾಡಿಯಲ್ಲೇ ಇದೆ. ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಎಂದರೇನೆಂದು ಹೇಳಿಕೊಡಬೇಕಿಲ್ಲ. ಹೇರು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯಿಂದ ಕಳಚುವಂತಾಗುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತು ತಲೆ ಎತ್ತಲಾರದೆ ಬಳಲುತ್ತದೆ. ಆದ್ದರಿಂದ ಗಾಡಿಯಲ್ಲಿ ತುಸುವೇ ಮುಂಭಾರ ಇರುವಂತೆ ಮೂಟೆ ಜೋಡಿಸುತ್ತಿದ್ದರು. ಕಬ್ಬಿಣದ ಪಟ್ಟಿಯ ಮರದ ಗಾಲಿ ಹೋಗಿ ರಬ್ಬರ್ ಟೈರಿನ ಗಾಡಿ ಬಂದರೂ, ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಈ ಲೆಕ್ಕ ಬದಲಾಗಿಲ್ಲ. ಬದಲಾದದ್ದು ತೂಕ ಮತ್ತು ವೇಗ. ಹಿಂಭಾರವಾದರೆ ಎತ್ತು ನಿಂತುಬಿಡುತ್ತಿತ್ತು, ಎಂಜಿನ್ ನಿಲ್ಲುವುದಿಲ್ಲ.

ವಿಧಗಳು

ಬಳಕೆಯಲ್ಲಿರುವ ಸಣ್ಣ ಟ್ರೇಲರ್‌ಗಳು ಮುಖ್ಯವಾಗಿ ಮೂರು ಬಗೆ.

ಒಂದೇ ಅಚ್ಚಿನ, ಎರಡು ಗಾಲಿಯ ಟ್ರೇಲರ್. ಇದರ ತೂಕದ ಒಂದು ಪಾಲು ಟ್ರ್ಯಾಕ್ಟರ್‌ನ ಕೊಂಡಿಯ ಮೇಲೆ ಕೂರುತ್ತದೆ. ಅದರಿಂದ ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗಳಿಗೆ ಹಿಡಿತ ಸಿಗುತ್ತದೆ, ಕೆಸರಿನಲ್ಲಿ ಅನುಕೂಲ. ಹೈಡ್ರಾಲಿಕ್ ಜಾಕಿನಿಂದ ಪೆಟ್ಟಿಗೆ ಎತ್ತಿ ಸುರಿಯುವ ಟಿಪ್ಪರ್‌ಗಳಲ್ಲಿ ಈ ಬಗೆಯವು ಸಾಮಾನ್ಯ.

ಎರಡು ಅಚ್ಚಿನ, ನಾಲ್ಕು ಗಾಲಿಯ ಟ್ರೇಲರ್. ಇದರ ಮುಂದಿನ ಅಚ್ಚು ತಿರುಗುವ ಚಕ್ರದ ಮೇಲೆ ಕೂತಿರುತ್ತದೆ. ತೂಕವನ್ನು ತನ್ನ ಗಾಲಿಗಳೇ ಹೊರುವುದರಿಂದ ಕೊಂಡಿಯ ಮೇಲೆ ಭಾರ ಬೀಳುವುದಿಲ್ಲ. ಮುಂದಕ್ಕೆ ಎಳೆಯಲು ಸಲೀಸು, ಹಿಂದಕ್ಕೆ ತಳ್ಳಲು ಬಹಳ ಕಷ್ಟ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಹಂಗಾಮಿನಲ್ಲಿ ಒಂದರ ಹಿಂದೊಂದು ಎರಡು ಟ್ರೇಲರ್ ಕಟ್ಟಿ ಸಾಗಿಸುವುದನ್ನು ಕಾಣಬಹುದು. ಹೊಸಬರು ಆ ಕೆಲಸಕ್ಕೆ ಕೈ ಹಾಕಬಾರದು.

ಪವರ್ ಟಿಲ್ಲರ್ ಟ್ರೇಲರ್. 12–13 ಅಶ್ವಶಕ್ತಿಯ ಟಿಲ್ಲರ್‌ಗೆ ಸೇರಿಸುವ, ಚಾಲಕನ ಆಸನವನ್ನೂ ಹೊತ್ತ ಚಿಕ್ಕ ಬಂಡಿ. ಇಕ್ಕಟ್ಟಾದ ತೋಟದ ದಾರಿಗೆ ಹೇಳಿಮಾಡಿಸಿದ್ದು. ಟಿಲ್ಲರ್ ತಯಾರಿಕೆಯಲ್ಲಿ ಹೆಸರಾದ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾಯಿತು. ಈ ಬಂಡಿಗೆ ಇಳಿಜಾರಿನಲ್ಲಿ ಅದರದೇ ಆದ ಅಪಾಯವಿದೆ. ಅದನ್ನು ಮುಂದೆ ಹೇಳಿದೆ.

ನೀರಿನ ಟ್ಯಾಂಕರ್ ಮೊದಲ ಎರಡು ಬಗೆಗಳಲ್ಲಿ ಯಾವುದೂ ಆಗಿರಬಹುದು. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ಅಪಾಯಕಾರಿ. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಬದಿಗೆ ಏರುತ್ತದೆ. ಒಳಗೆ ಅಡ್ಡ ತಗಡುಗಳಿಲ್ಲದ ಟ್ಯಾಂಕರನ್ನು ಒಂದೋ ತುಂಬಿಸಿ ಒಯ್ಯಬೇಕು, ಇಲ್ಲವೇ ಖಾಲಿ ಒಯ್ಯಬೇಕು.

ಕೊಂಡಿ ಹಾಕುವುದು

ಜೋಡಣೆ ಇಬ್ಬರ ಕೆಲಸ. ಮೊದಲು ಟ್ರೇಲರ್‌ನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲೋ ಮರದ ದಿಮ್ಮಿಯೋ ಕೊಡಬೇಕು. ಕೊಂಡಿಯ ತುದಿಯನ್ನು ಜಾಕಿನ ಮೇಲೆ ಸರಿಯಾದ ಎತ್ತರಕ್ಕೆ ನಿಲ್ಲಿಸಬೇಕು. ಇಟ್ಟಿಗೆಯ ಗುಡ್ಡೆಯ ಮೇಲೆ ನಿಲ್ಲಿಸಿದ ಕೊಂಡಿ ಜಾರಿ ಕಾಲಿನ ಮೇಲೆ ಬೀಳುವ ಸಂಭವ ಹೆಚ್ಚು. ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಸಹಾಯಕ ಪಕ್ಕದಲ್ಲಿ, ಚಾಲಕನಿಗೆ ಕಾಣುವಂತೆ ನಿಲ್ಲಬೇಕು. ಟ್ರ್ಯಾಕ್ಟರ್ ಮತ್ತು ಟ್ರೇಲರ್ ನಡುವೆ ಎಂದೂ ನಿಲ್ಲಬಾರದು. ತೂತುಗಳು ಒಂದಕ್ಕೊಂದು ಎದುರಾದ ಮೇಲೆ ಚಾಲಕ ಗೇರು ಬಿಡಿಸಿ, ಕೈಬ್ರೇಕ್ ಎಳೆದು, ಸರಿ ಎಂದು ಕೂಗಬೇಕು. ಸಹಾಯಕ ನಡುವೆ ಬಂದು ಪಿನ್ನು ಇಳಿಸುವುದು ಆಮೇಲೆ. ಎಷ್ಟೋ ಕೈಕಾಲುಗಳು ಜಜ್ಜಿಹೋಗಿರುವುದು ಈ ಕೂಗಿಗೆ ಕಾಯದೆ.

ಪಿನ್ನು ಆ ತೂತಿಗೆ ತಕ್ಕ ದಪ್ಪದ್ದಿರಬೇಕು. ಕಬ್ಬಿಣದ ಸರಳಿನ ತುಂಡೋ ಹಳೆಯ ಬೋಲ್ಟೋ ಅಲ್ಲ. ಪಿನ್ನಿನ ಕೆಳತುದಿಯಲ್ಲಿ ಬೀಗದ ಕ್ಲಿಪ್ಪು ಇರಲೇಬೇಕು. ಹಂಪು, ಗುಂಡಿಗಳಲ್ಲಿ ಕುಣಿಯುವ ಕೊಂಡಿ ಪಿನ್ನನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಳ್ಳುತ್ತದೆ. ಕ್ಲಿಪ್ಪಿಲ್ಲದ ಪಿನ್ನು ಹತ್ತು ಸಲ ನಿಂತರೂ ಹನ್ನೊಂದನೆಯ ಸಲ ಹಾರಿಹೋಗಬಹುದು. ಇದಕ್ಕೆ ಕಾವಲಾಗಿ ಸುರಕ್ಷಾ ಸರಪಳಿ ಬೇಕು. ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಕಟ್ಟಿದರೆ, ಪಿನ್ನು ಕಳಚಿದಾಗ ಕೊಂಡಿ ನೆಲಕ್ಕೆ ಬಡಿಯದೆ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಸರಪಳಿ ತಿರುವಿಗೆ ಸಾಲುವಷ್ಟು ಸಡಿಲವಿರಲಿ, ನೆಲ ಕೆರೆಯುವಷ್ಟು ಬೇಡ.

ಟ್ರೇಲರನ್ನು ಕಟ್ಟಬೇಕಾದ್ದು ಅದಕ್ಕೆಂದೇ ಇರುವ ಡ್ರಾಬಾರ್‌ಗೆ ಅಥವಾ ಹುಕ್ಕಿಗೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಸರಪಳಿಯನ್ನು ಮೇಲಿನ ಲಿಂಕಿಗೋ ಸೀಟಿನ ಹಿಂಬದಿಗೋ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚುತ್ತದೆ. ಎಳೆಯುವ ಜಾಗ ಹಿಂದಿನ ಅಚ್ಚಿಗಿಂತ ಕೆಳಗಿರಬೇಕು ಎಂಬುದು ಇದಕ್ಕಾಗಿ. ಮಗುಚುವುದು ಕ್ಷಣಮಾತ್ರದಲ್ಲಿ, ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿತು.

ಹೇರು

ಒಂದೇ ಅಚ್ಚಿನ ಟ್ರೇಲರ್‌ನಲ್ಲಿ ಭಾರದ ಸುಮಾರು ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ ಬೀಳುವಂತೆ ತುಂಬುವುದು ಸಾಮಾನ್ಯ ನಿಯಮ. ಭಾರವಾದ ಸರಕು ಕೆಳಗೆ, ಅಚ್ಚಿನ ನೇರಕ್ಕೆ ಅಥವಾ ತುಸು ಮುಂದೆ, ಹಗುರಾದದ್ದು ಮೇಲೆ, ಎಡಬಲ ಸಮನಾಗಿ. ಹಿಂಭಾರವಾದ ಟ್ರೇಲರ್ ವೇಗದಲ್ಲಿ ಎಡಬಲಕ್ಕೆ ತೂಗಾಡತೊಡಗುತ್ತದೆ. ಮುಂದಿನ ವಾಹನ ಕಾರಿನಂತೆ ಹಗುರಾಗಿದ್ದರೆ ಅದನ್ನೂ ಎಳೆದಾಡುತ್ತದೆ. ಅತಿ ಮುಂಭಾರವೂ ಒಳ್ಳೆಯದಲ್ಲ: ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳು ಹಗುರಾಗಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ. ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಟ್ಟಂತಾದರೆ ಹೇರು ಇಳಿಸಬೇಕು ಎಂದೇ ಅರ್ಥ. ಮುಂದೆ ಕೂಲಿಯಾಳನ್ನು ಕೂರಿಸಿ ತೂಕ ಹೊಂದಿಸುವುದು ಪರಿಹಾರವಲ್ಲ.

ಪೆಟ್ಟಿಗೆ ತುಂಬಿದೆಯೋ ಇಲ್ಲವೋ ನೋಡಿ ತೂಕ ಅಂದಾಜು ಮಾಡುವುದು ಹೊಸಬರ ದೊಡ್ಡ ತಪ್ಪು. ಮರಳನ್ನು ತಮಿಳುನಾಡಿನಲ್ಲಿ ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಯೂನಿಟ್ ಎಂದರೆ 100 ಘನ ಅಡಿ. ಅಷ್ಟು ಮರಳು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಹಸಿಯಾಗಿದ್ದರೆ ಇನ್ನೂ ಹೆಚ್ಚು. ಅಷ್ಟೇ ಜಾಗ ಹಿಡಿಯುವ ಭತ್ತ ಒಂದೂಮುಕ್ಕಾಲು ಟನ್ ಆಸುಪಾಸು. ಅಂದರೆ ಭತ್ತ ತುಂಬಿ ಎಳೆದು ಅಭ್ಯಾಸವಾದ ಗಾಡಿಗೆ ಅದೇ ಮಟ್ಟಕ್ಕೆ ಮರಳು ತುಂಬಿದರೆ ತೂಕ ಎರಡೂವರೆ ಪಟ್ಟಾಗುತ್ತದೆ. ಸಾಧಾರಣ ಟ್ರ್ಯಾಕ್ಟರ್‌ನ ಸ್ವಂತ ತೂಕ ಎರಡು ಟನ್ ಆಜುಬಾಜು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಒಣಹುಲ್ಲಿನ ಕಥೆ ಬೇರೆ. ತೂಕ ಕಡಿಮೆ, ಎತ್ತರ ಹೆಚ್ಚು. ಮುಂಗಾರಿನ ತಿಂಗಳುಗಳಲ್ಲಿ ಬೆಟ್ಟದ ಕಣಿವೆಬಾಯಿಯಿಂದ ನುಗ್ಗುವ ಗಾಳಿ ಕಂಬಂನಿಂದ ಆಂಡಿಪಟ್ಟಿವರೆಗೆ ಜೋರಾಗಿರುತ್ತದೆ. ತೇನಿ ಸುತ್ತ ಗಾಳಿಯಂತ್ರಗಳನ್ನು ನೆಟ್ಟಿರುವುದು ಇದೇ ಗಾಳಿಗಾಗಿ. ಎತ್ತರದ ಹುಲ್ಲಿನ ಹೇರಿಗೆ ಅಡ್ಡಗಾಳಿ ಬಡಿದರೆ ಗಾಡಿ ಒಂದೇ ಬದಿಯ ಗಾಲಿಯ ಮೇಲೆ ವಾಲುತ್ತದೆ. ಹಳ್ಳಿಯೊಳಗೆ ತಗ್ಗಾಗಿ ಇಳಿಬಿದ್ದ ವಿದ್ಯುತ್ ತಂತಿ ಇನ್ನೊಂದು ಗಂಡಾಂತರ. ಹೇರಿನ ಎತ್ತರ ಗೊತ್ತಿಲ್ಲದ ದಾರಿಯಲ್ಲಿ ಹೋಗಬಾರದು. ಹೇರಿನ ಮೇಲೆ ಆಳು ಕೂತಿರಲೇಬಾರದು. ಯಾವ ಸರಕಾದರೂ ಹಗ್ಗ ಬಿಗಿದು, ಉದುರುವಂಥದ್ದಾದರೆ ಟಾರ್ಪಾಲು ಹೊದಿಸಿ, ಒಂದೆರಡು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿಯಬೇಕು. ಅಷ್ಟರಲ್ಲಿ ಸರಕು ಕುಸಿದು ಹಗ್ಗ ಸಡಿಲವಾಗಿರುತ್ತದೆ.

ಗಾಲಿ, ಟೈರು, ಅಚ್ಚು

ಟ್ರೇಲರ್‌ಗೆ ಎಂಜಿನ್ ಇಲ್ಲವೆಂದು ಅದರ ಆರೈಕೆಯನ್ನು ಮರೆಯುವವರೇ ಹೆಚ್ಚು. ಲಾರಿಯಿಂದ ಕಳಚಿದ ಸವೆದ ಟೈರುಗಳು ಕೊನೆಗೆ ಬರುವುದೂ ಇದಕ್ಕೇ. ಹೊರಡುವ ಮುನ್ನ ಟೈರಿನ ಗಾಳಿ ಮತ್ತು ಬಿರುಕು, ಗಾಲಿಯ ನಟ್ಟು, ಹಿಂಬದಿ ಡೋರಿನ ಕೊಕ್ಕೆ ನೋಡಬೇಕು. ಗಾಲಿ ಹೊಸದಾಗಿ ಕಳಚಿ ಹಾಕಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ನಟ್ಟು ಮತ್ತೆ ಬಿಗಿಯಬೇಕು. ದಾರಿಯಲ್ಲಿ ನಿಂತಾಗ ಪ್ರತಿ ಗಾಲಿಯ ಹಬ್ಬನ್ನು ಕೈಯಿಂದ ಮುಟ್ಟಿ ನೋಡುವುದು ಹಳೆಯ ಚಾಲಕರ ರೂಢಿ. ಎಲ್ಲವೂ ಬೆಚ್ಚಗಿದ್ದು ಒಂದು ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಹಾಗೆಯೇ ಮುಂದುವರಿದರೆ ಗಾಲಿ ಅಚ್ಚು ಬಿಟ್ಟು ಹೊರಡುತ್ತದೆ.

ಬ್ರೇಕು ಮತ್ತು ವೇಗ

ಸಾಮಾನ್ಯ ಟ್ರ್ಯಾಕ್ಟರ್‌ನ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹೊಲದಲ್ಲಿ ಸಾಲಿನ ಕೊನೆಗೆ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೊಂದೇ ಗಾಲಿಗೆ ಬ್ರೇಕ್ ಹಾಕಬೇಕಾಗುತ್ತದೆ. ಅದಕ್ಕಾಗಿ ಎರಡು ಪೆಡಲುಗಳಿವೆ. ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಮರೆತರೆ ತುರ್ತಿನಲ್ಲಿ ಕಾಲು ಒಂದೇ ಪೆಡಲಿನ ಮೇಲೆ ಬಿದ್ದು ಟ್ರ್ಯಾಕ್ಟರ್ ಒಂದೇ ಬದಿಗೆ ಗಿರಕಿ ಹೊಡೆಯುತ್ತದೆ, ಹಿಂದಿನ ಟ್ರೇಲರ್ ಅದರ ಮೇಲೆ ಮಡಚಿ ಬೀಳುತ್ತದೆ.

ಟ್ರೇಲರ್‌ಗೆ ಸ್ವಂತ ಬ್ರೇಕ್ ಇರುವುದು ದೊಡ್ಡ ರಕ್ಷೆ. ಕೆಲವಕ್ಕೆ ಟ್ರ್ಯಾಕ್ಟರ್‌ನ ಪೆಡಲಿನಿಂದ ಎಣ್ಣೆಯ ಅಥವಾ ಗಾಳಿಯ ಒತ್ತಡ ಪೈಪಿನಲ್ಲಿ ಹೋಗಿ ಬ್ರೇಕ್ ಹಿಡಿಯುತ್ತದೆ. ಕೆಲವಕ್ಕೆ ಟ್ರೇಲರ್ ಮುಂದಕ್ಕೆ ನೂಕಿದಾಗ ಕೊಂಡಿಯೇ ಒಳಕ್ಕೆ ಒತ್ತಿ ಬ್ರೇಕ್ ಬೀಳುತ್ತದೆ. ಹಳ್ಳಿಗಾಡಿನ ಎಷ್ಟೋ ಟ್ರೇಲರ್‌ಗಳಿಗೆ ಇವು ಯಾವುವೂ ಇಲ್ಲ. ಇದ್ದರೂ ಪೈಪು ಜೋಡಿಸಿರುವುದಿಲ್ಲ. ಅಂಥ ಗಾಡಿಯ ತೂಕವನ್ನೆಲ್ಲ ನಿಲ್ಲಿಸುವ ಹೊಣೆ ಟ್ರ್ಯಾಕ್ಟರ್‌ನ ಎರಡು ಗಾಲಿಗಳದು.

ವೇಗ ಗಂಟೆಗೆ 20ರಿಂದ 30 ಕಿಲೋಮೀಟರಿಗೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹೆಚ್ಚುತ್ತದೆ. 40ಕ್ಕೆ ಏರಿದರೆ ನಾಲ್ಕು ಪಟ್ಟು. 30ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಸಾಗುತ್ತದೆ. ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ತುಂಬಿದ ಟ್ರೇಲರ್ ಹಿಂದಿರುವಾಗ ಬ್ರೇಕನ್ನು ನೇರ ದಾರಿಯಲ್ಲಿ, ಮೊದಲೇ, ಮೆಲ್ಲಗೆ ಹಾಕಬೇಕು. ತಿರುವಿನಲ್ಲಿ ಗಟ್ಟಿ ಬ್ರೇಕ್ ಹಾಕಿದರೆ ಟ್ರೇಲರ್ ಟ್ರ್ಯಾಕ್ಟರ್‌ನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಡಿ ತೂಗಾಡಲು ಶುರುವಾದರೆ ಸ್ಟೀರಿಂಗ್ ಎದುರು ಬದಿಗೆ ಎಳೆಯುವುದಾಗಲಿ ಬ್ರೇಕ್ ಒತ್ತುವುದಾಗಲಿ ಮಾಡದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು.

ತಿರುವು, ಕಾಲುವೆ ಏರಿ, ರಿವರ್ಸ್

ಟ್ರೇಲರ್‌ನ ಗಾಲಿ ಟ್ರ್ಯಾಕ್ಟರ್‌ನ ಗಾಲಿಯ ಜಾಡಿನಲ್ಲೇ ಬರುವುದಿಲ್ಲ. ತಿರುವಿನ ಒಳಬದಿಗೆ ಸರಿದು ಬರುತ್ತದೆ. ಓಣಿಯ ಮೂಲೆಯ ಜಗುಲಿ, ಮೋರಿಯ ಗೋಡೆ, ಸೈಕಲ್ ನಿಲ್ಲಿಸಿಕೊಂಡವರು ಸಿಕ್ಕಿಬೀಳುವುದು ಆ ಒಳಬದಿಯಲ್ಲಿ. ಟ್ರ್ಯಾಕ್ಟರನ್ನು ಮೂಲೆ ದಾಟಿಸಿ ತುಸು ಮುಂದೆ ಒಯ್ದು, ಹೊರಬದಿಯಿಂದ ಅಗಲವಾಗಿ ತಿರುಗಿಸಬೇಕು. ಕಂಬಂ ಕಣಿವೆಯ ಕಾಲುವೆ ಏರಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ನೀರು ಹರಿಯುವ ತಿಂಗಳುಗಳಲ್ಲಿ ಏರಿಯ ಅಂಚು ನೆನೆದು ಮೆತ್ತಗಿರುತ್ತದೆ; ಟ್ರ್ಯಾಕ್ಟರ್ ದಾಟಿದ ಜಾಗ ಅದಕ್ಕಿಂತ ಭಾರವಾದ ಟ್ರೇಲರ್‌ಗೆ ಕುಸಿಯಬಹುದು. ಒಂದು ಗಾಲಿ ಜಾರಿದರೆ ಅದು ಇಡೀ ಗಾಡಿಯನ್ನು ಕಾಲುವೆಗೆ ಎಳೆದುಕೊಳ್ಳುತ್ತದೆ.

ರಿವರ್ಸ್ ಕಲಿಯುವುದೇ ಹೊಸಬರಿಗೆ ಬಲು ಕಷ್ಟ. ಎರಡು ಗಾಲಿಯ ಟ್ರೇಲರ್ ಹಿಂದಕ್ಕೆ ಹೋಗುವಾಗ ಸ್ಟೀರಿಂಗ್ ತಿರುಗಿಸಿದ ಕಡೆಗೆ ವಿರುದ್ಧವಾಗಿ ತಿರುಗುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ: ಸ್ಟೀರಿಂಗ್ ಚಕ್ರವನ್ನು ಅದರ ಅತ್ಯಂತ ಕೆಳಭಾಗದಲ್ಲಿ ಒಂದೇ ಕೈಯಿಂದ ಹಿಡಿಯಬೇಕು. ಟ್ರೇಲರ್‌ನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಕೈಯನ್ನು ಬಲಕ್ಕೆ, ಎಡಕ್ಕೆ ಹೋಗಬೇಕಾದರೆ ಎಡಕ್ಕೆ ಸರಿಸಬೇಕು. ಟ್ರೇಲರ್ ತಿರುಗಲು ಶುರುವಾದ ಕೂಡಲೇ ಕೈಯನ್ನು ಎದುರು ಬದಿಗೆ ತಂದು ಅದನ್ನು ಹಿಂಬಾಲಿಸಬೇಕು. ತಡವಾದರೆ ಕೋನ ಬಿಗಿಯಾಗಿ ಕೊಂಡಿಯೂ ಟ್ರ್ಯಾಕ್ಟರ್‌ನ ಟೈರೂ ಒಂದನ್ನೊಂದು ಮುಟ್ಟುತ್ತವೆ. ಹಾಗಾಗುವ ಮೊದಲೇ ನಿಲ್ಲಿಸಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡುವುದರಲ್ಲಿ ನಾಚಿಕೆಯೇನಿಲ್ಲ. ನಾಲ್ಕು ಗಾಲಿಯ ಟ್ರೇಲರ್‌ಗೆ ಎರಡು ಕಡೆ ಮಡಿಕೆ ಇರುವುದರಿಂದ ಈ ಉಪಾಯ ನಡೆಯದು. ಅದನ್ನು ಹಿಂದಕ್ಕೆ ತಳ್ಳುವ ಪ್ರಸಂಗವೇ ಬಾರದಂತೆ ಸುತ್ತಿ ಬರುವ ದಾರಿ ನೋಡಿಕೊಂಡು ಒಳಗೆ ಹೋಗುವುದು ಜಾಣತನ. ಹಿಂದೆ ಮಕ್ಕಳು ಇಲ್ಲವೆಂದು ಇಳಿದು ನೋಡದೆ ಯಾವ ಟ್ರೇಲರನ್ನೂ ಹಿಂದಕ್ಕೆ ಬಿಡಬಾರದು.

ಇಳಿಜಾರು ಮತ್ತು ಘಾಟಿ

ತೇನಿ ಜಿಲ್ಲೆಯಿಂದ ಕೇರಳಕ್ಕೆ ಏರುವ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ಘಾಟಿಗಳು ಕಡಿದಾದವು. ಬೋಡಿಮೆಟ್ಟಿನ ದಾರಿಯಲ್ಲಿ 17 ಹೇರ್‌ಪಿನ್ ತಿರುವುಗಳಿವೆ. ದಿಂಡಿಗಲ್ ಕಡೆ ಸಿರುಮಲೆ, ಕೊಡೈಕನಾಲ್ ರಸ್ತೆಗಳೂ ಅಂಥವೇ. ಏಲಕ್ಕಿ ತೋಟದ ಕೂಲಿಯಾಳುಗಳನ್ನು ಬೆಟ್ಟಕ್ಕೆ ಒಯ್ಯುವುದು ಜೀಪುಗಳು. ಟ್ರ್ಯಾಕ್ಟರ್ ಟ್ರೇಲರ್‌ಗೆ ಈ ಘಾಟಿಗಳಲ್ಲಿ ಕೆಲಸವಿಲ್ಲ. ಆದರೆ ಇಳಿಜಾರು ಘಾಟಿಯಲ್ಲಿ ಮಾತ್ರ ಇರುವುದಲ್ಲ. ಬೆಟ್ಟದ ಬುಡದ ತೋಟಗಳ ದಾರಿ, ಕೆರೆಯ ಏರಿಯಿಂದ ಇಳಿಯುವ ತಿರುವು, ಸೇತುವೆಯ ಕೊನೆ ಎಲ್ಲವೂ ಇಳಿಜಾರೇ. ಇಪ್ಪತ್ತು ಅಡಿಗೆ ಒಂದು ಅಡಿ ತಗ್ಗುವ ಇಳಿಜಾರಿನಲ್ಲಿ ಮೂರು ಟನ್‌ನ ಟ್ರೇಲರನ್ನು ಸುಮಾರು 150 ಕಿಲೋಗ್ರಾಂ ತೂಕದಷ್ಟು ಬಲ ಕೆಳಕ್ಕೆ ಎಳೆಯುತ್ತಿರುತ್ತದೆ. ಬ್ರೇಕಿಲ್ಲದ ಟ್ರೇಲರ್ ಆ ಒತ್ತಡವನ್ನು ಟ್ರ್ಯಾಕ್ಟರ್‌ನ ಬೆನ್ನಿಗೆ ಹಾಕುತ್ತದೆ.

ನಿಯಮ ಸರಳ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಕೆಳಗಿನ ಗೇರು. ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ನಡುವೆ ಬದಲಿಸಲು ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ವೇಗ ಏರುತ್ತದೆ; ಹಳೆಯ ಟ್ರ್ಯಾಕ್ಟರ್‌ಗಳ ಗೇರುಗಳು ಓಡುವಾಗ ಸುಲಭವಾಗಿ ಕೂರುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲೇ ಉಳಿದುಬಿಡುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದು ಎಷ್ಟೋ ಜೀವ ತಿಂದ ಚಾಳಿ.

ಪವರ್ ಟಿಲ್ಲರ್‌ನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಟಿಲ್ಲರ್ ತಿರುಗುವುದು ಹಿಡಿಕೆಯ ಕೆಳಗಿನ ಎರಡು ಸ್ಟೀರಿಂಗ್ ಕ್ಲಚ್‌ಗಳಿಂದ. ಸಮತಟ್ಟಿನಲ್ಲಿ ಬಲಗಡೆಯದನ್ನು ಒತ್ತಿದರೆ ಬಲಗಾಲಿಗೆ ಎಂಜಿನ್ನಿನ ಬಲ ತಪ್ಪಿ ಅದು ಹಿಂದುಳಿಯುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಟ್ರೇಲರ್ ನೂಕುತ್ತಿರುವಾಗ ಎಂಜಿನ್ ಗಾಲಿಗಳನ್ನು ತಡೆಹಿಡಿದಿರುತ್ತದೆ. ಆಗ ಬಲಗಡೆಯ ಕ್ಲಚ್ ಒತ್ತಿದರೆ ಬಲಗಾಲಿ ಬಿಡುಗಡೆಯಾಗಿ ಮುಂದೋಡುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇದು ತಿಳಿಯದ ಚಾಲಕ ಬೆದರಿ ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ, ಗಾಡಿ ಇನ್ನೂ ವಿರುದ್ಧಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ಸ್ಟೀರಿಂಗ್ ಕ್ಲಚ್ ಮುಟ್ಟದೆ, ಕೆಳಗಿನ ಗೇರಿನಲ್ಲಿ, ಹಿಡಿಕೆಯನ್ನೇ ತಳ್ಳಿ ದಿಕ್ಕು ತಿದ್ದುತ್ತ, ಟ್ರೇಲರ್‌ನ ಕಾಲುಬ್ರೇಕಿನಿಂದ ವೇಗ ಹಿಡಿಯುವುದು ಸರಿಯಾದ ಕ್ರಮ.

ರಾತ್ರಿ ಮತ್ತು ಹೆದ್ದಾರಿ

ಹೆದ್ದಾರಿಯಲ್ಲಿ 80ರ ವೇಗದಲ್ಲಿ ಬರುವ ಕಾರಿಗೆ 20ರಲ್ಲಿ ಹೋಗುವ ಟ್ರೇಲರ್ ನಿಂತ ಗೋಡೆಗೆ ಸಮ. ಹಿಂದೆ ಉರಿಯುವ ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್, ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲಕ ಪಟ್ಟಿ ಇವು ಅಲಂಕಾರವಲ್ಲ. ಹಿಂಬದಿ ಡೋರು ಇಳಿಬಿಟ್ಟು ಉದ್ದ ಸರಕು ತುಂಬಿದರೆ ಪಟ್ಟಿಯೂ ದೀಪವೂ ಡೋರಿನ ಹಿಂದೆ ಮರೆಯಾಗುತ್ತವೆ. ಹುಲ್ಲು, ಕಬ್ಬಿನ ತುದಿ ಇಳಿಬಿದ್ದರೂ ಅಷ್ಟೇ. ಅಂಥ ಹೇರಿನ ತುದಿಗೆ ಹಗಲಲ್ಲಿ ಕೆಂಪು ಬಟ್ಟೆ, ಕತ್ತಲಲ್ಲಿ ಕೆಂಪು ದೀಪ ಕಟ್ಟಬೇಕು. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯಿಂದ ಪೂರ್ತಿ ಇಳಿಸಬೇಕು. ಆಗದಿದ್ದರೆ ಸಾಕಷ್ಟು ಹಿಂದೆ ಎಚ್ಚರಿಕೆಯ ತ್ರಿಕೋನ ಇಟ್ಟು ಒಬ್ಬರು ಕಾವಲಿರಬೇಕು. ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯ ಮೇಲೆ ಬಿಟ್ಟುಹೋಗುವುದು ಮುಂದೆ ಬರುವ ಬೈಕಿನವನಿಗೆ ತೋಡಿದ ಗುಂಡಿ.

ಜನ ಸಾಗಣೆ

ಮದುವೆ, ಜಾತ್ರೆ, ಕೂಲಿ ಯಾವುದಕ್ಕಾದರೂ ಟ್ರೇಲರ್‌ನಲ್ಲಿ ಜನ ತುಂಬುವುದು ಕಾನೂನುಬಾಹಿರ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಸ್ಥಾನದಿಂದ ಮರಳುತ್ತಿದ್ದವರ ಟ್ರ್ಯಾಕ್ಟರ್ ಟ್ರೇಲರ್ ಕೆರೆಗೆ ಮಗುಚಿ 25ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಟ್ರೇಲರ್‌ಗೆ ಸ್ಪ್ರಿಂಗ್ ಸಾಲದು, ಹಿಡಿದುಕೊಳ್ಳಲು ಏನೂ ಇಲ್ಲ, ಮಗುಚಿದರೆ ಪೆಟ್ಟಿಗೆ ಜನರ ಮೇಲೆಯೇ ಬೀಳುತ್ತದೆ. ಮಡ್‌ಗಾರ್ಡ್ ಮೇಲೆ ಕೂರುವುದು, ಕೊಂಡಿಯ ಮೇಲೆ ನಿಲ್ಲುವುದು ಇದಕ್ಕಿಂತ ಕಡಿಮೆ ಅಪಾಯದ್ದಲ್ಲ. ಅಲ್ಲಿಂದ ಜಾರಿದವರು ಗಾಲಿಯ ಅಡಿಗೇ ಬೀಳುತ್ತಾರೆ.

ಕಾನೂನು

ಟ್ರ್ಯಾಕ್ಟರ್‌ನಂತೆ ಟ್ರೇಲರ್‌ಗೂ ನೋಂದಣಿ ಬೇಕು. ಎಳೆಯುವ ವಾಹನದ ನೋಂದಣಿ ಸಂಖ್ಯೆ ಟ್ರೇಲರ್‌ನ ಮೇಲೂ ಕಾಣಬೇಕು ಎಂದು ಕಾಯಿದೆಯ 61ನೇ ಕಲಂ ಹೇಳುತ್ತದೆ. 7,500 ಕಿಲೋಗ್ರಾಂ ಮೀರದ ಖಾಲಿ ತೂಕದ ಟ್ರ್ಯಾಕ್ಟರ್ ಲಘು ಮೋಟಾರು ವಾಹನದ ವರ್ಗಕ್ಕೆ ಸೇರುತ್ತದೆ. ಟ್ರ್ಯಾಕ್ಟರ್ ಓಡಿಸಲು ಲೈಸೆನ್ಸ್ ಇದ್ದವನ ಲೈಸೆನ್ಸ್ ಟ್ರೇಲರ್ ಸೇರಿಸಿದ ಮಾತ್ರಕ್ಕೆ ನಿಷ್ಪ್ರಯೋಜಕವಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ತೀರ್ಪಿತ್ತಿತು. ಮೂರನೆಯವರಿಗಾಗುವ ಹಾನಿಯ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಟ್ರ್ಯಾಕ್ಟರ್ ಮಾತ್ರವಲ್ಲ, ಟ್ರೇಲರ್‌ನ ಹೆಸರೂ ಇದೆಯೇ ಎಂದು ಓದಿ ನೋಡಬೇಕು. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ.

ಹೊರದೇಶಗಳಲ್ಲಿ

ಪರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಟ್ರೇಲರ್ ಬಾಡಿಗೆಗೆ ತರುವುದು ಮನೆ ಬದಲಿಸುವಾಗ, ತೋಟದ ಕಸ ಸಾಗಿಸುವಾಗ. ಅಲ್ಲಿ ಎಳೆಯುವುದು ಕಾರು, ವೇಗ ಹೆಚ್ಚು, ತೂಗಾಟದ ಅಪಾಯವೂ ಹೆಚ್ಚು. ಯುರೋಪಿನ ಸಾಮಾನ್ಯ ಕಾರ್ ಲೈಸೆನ್ಸ್‌ನಲ್ಲಿ 750 ಕಿಲೋಗ್ರಾಂವರೆಗಿನ ಟ್ರೇಲರ್ ಎಳೆಯಬಹುದು. ಬ್ರಿಟನ್ 2021ರ ಡಿಸೆಂಬರ್ 16ರಿಂದ ಕಾರ್ ಲೈಸೆನ್ಸ್ ಇದ್ದವರಿಗೆ ಬೇರೆ ಪರೀಕ್ಷೆಯಿಲ್ಲದೆ 3,500 ಕಿಲೋಗ್ರಾಂವರೆಗೆ ಎಳೆಯಲು ಬಿಟ್ಟಿತು. ಆಸ್ಟ್ರೇಲಿಯಾದಲ್ಲಿ ಬ್ರೇಕಿಲ್ಲದ ಟ್ರೇಲರ್‌ಗೆ 750 ಕಿಲೋಗ್ರಾಂ ಮಿತಿ. ಬ್ರೇಕಿಲ್ಲದೆಯೇ ಮೂರ್ನಾಲ್ಕು ಟನ್ ಹೊತ್ತು ಓಡುವ ನಮ್ಮ ಟ್ರೇಲರ್‌ಗಳ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು.

ಕಲಿಕೆ

ಆಂಧ್ರಪ್ರದೇಶದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ರೈತರಿಗೆ ಯಂತ್ರಗಳ ಬಳಕೆ ಕಲಿಸುತ್ತದೆ. ಊರಿನಲ್ಲೇ ಕಲಿಯುವವರಿಗೆ ಕೊಯ್ಲಾದ ಬಯಲು ಗದ್ದೆ ಸಾಕು. ಮೊದಲು ಖಾಲಿ ಟ್ರೇಲರ್ ಎಳೆದು ನೇರ ಹೋಗುವುದು, ನಿಲ್ಲಿಸುವುದು, ಆಮೇಲೆ ಎರಡು ಕಡ್ಡಿ ನೆಟ್ಟು ಅವುಗಳ ನಡುವೆ ತಿರುವು, ನಂತರ ರಿವರ್ಸ್, ಅದು ಕೈಗೆ ಬಂದ ಮೇಲೆ ಅರ್ಧ ಹೇರು, ಆಮೇಲೆ ಹಗಲಲ್ಲಿ, ಪಕ್ಕದಲ್ಲಿ ಬೇರೆ ಗಾಡಿಯಲ್ಲಿ ಅನುಭವಿಯೊಬ್ಬರು ಜೊತೆಗಿರುವಂತೆ, ಹಳ್ಳಿಯ ರಸ್ತೆ. ಹೆದ್ದಾರಿ, ರಾತ್ರಿ, ಇಳಿಜಾರು ಕೊನೆಗೆ.

ಹೊಸ ಚಾಲಕರು ಮೂರು ಮಾತಿಗೆ ಒಪ್ಪಿಕೊಂಡರೆ ಬಹುಪಾಲು ಅಪಾಯ ತಪ್ಪುತ್ತದೆ. ಕ್ಲಿಪ್ಪಿಲ್ಲದ ಪಿನ್ನಿನಲ್ಲಿ ಗಾಡಿ ಹೊರಡಿಸುವುದಿಲ್ಲ. ಬ್ರೇಕಿಲ್ಲದ ಟ್ರೇಲರ್‌ಗೆ ಪೂರ್ತಿ ಹೇರು ತುಂಬುವುದಿಲ್ಲ, ಅದನ್ನು ಇಳಿಜಾರಿಗೆ ಒಯ್ಯುವುದಿಲ್ಲ. ಟ್ರೇಲರ್‌ನಲ್ಲಿ ಯಾರನ್ನೂ ಕೂರಿಸುವುದಿಲ್ಲ. ಗಾಡಿಯ ಮಾಲೀಕರೂ ಇವಕ್ಕೆ ಒಪ್ಪಬೇಕು. ಬೇಡವೆಂದ ಚಾಲಕನನ್ನು ಅವರು ಬಲವಂತದಿಂದ ಕಳಿಸಕೂಡದು.